ಹಿಂದಕ್ಕೆ ಹೊರಟ ದಿಬ್ಬಣ

ಕಂಡದ್ದನ್ನು ಕಂಡಷ್ಟೇ ಹೇಳುವುದು ದೊಡ್ಡ ಗುಣವೆಂದು ಬಲ್ಲವರು ಹೇಳುತ್ತಾರೆ. ಅಂಥವನ ಜೊತೆ ಸಂಸಾರ ಮಾಡಿದವರನ್ನು ಅವರು ಕೇಳಿಲ್ಲವೆಂದು ಕಾಣುತ್ತದೆ. ಮಂಡ್ಯದಲ್ಲಿ ಕಬ್ಬಿನ ಗಾಡಿಗಳನ್ನು ತೂಗುವುದು ನನ್ನ ಉದ್ಯೋಗ. ತಕ್ಕಡಿಯ ಮುಳ್ಳು ಅಲುಗಾಡುವುದು ನಿಲ್ಲುವವರೆಗೆ ನಾನು ಬಾಯಿ ಬಿಡುವವನಲ್ಲ. ಕಬ್ಬಿನ ವಿಷಯದಲ್ಲಿ ಇದರಿಂದ ಯಾರಿಗೂ ತೊಂದರೆಯಾಗಿಲ್ಲ. ನನ್ನ ಮದುವೆಯ ವಿಷಯದಲ್ಲಿ ಮಾತ್ರ ಆಗುವುದರಲ್ಲಿತ್ತು. ಆ ಸಂಗತಿಯನ್ನೂ ತೂಗಿಯೇ ಹೇಳಬೇಕು. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಹಳೆಯ ಟ್ರಾಕ್ಟರೊಂದನ್ನು ನನ್ನ ಚಿಕ್ಕಪ್ಪ ಊರಿಗೆ ತಂದ. ಅದು ಊರಿಗೆ ಬಂದಾಗ ಇದ್ದ ರೂಪದಲ್ಲಿ ಒಂದು ವಾರವೂ ಉಳಿಯಲಿಲ್ಲ. ಮುಳ್ಳಿನ ಕಬ್ಬಿಣದ ಗಾಲಿ ಹೋಗಿ ಲಾರಿಯ ರಬ್ಬರ್ ಗಾಲಿ ಬಂತು. ಸೀಟಿನ ಮೇಲೆ ಕುರಿ ಕಂಬಳಿ ಬಂತು. ಮದ್ದೂರಿನಲ್ಲಿ ಕೆಟ್ಟು ನಿಂತ ಬಸ್ಸಿನದೊಂದು ಹಾರ್ನು ಬಂತು. ಅದನ್ನು ಒತ್ತಿದರೆ ಊರಿನ ಎಮ್ಮೆಗಳೆಲ್ಲ ಮರುದನಿ ಕೊಡುತ್ತಿದ್ದವು. ಬ್ರೇಕಿಗೂ ಒಂದು ರಿಪೇರಿಯಾಯಿತು. ಬ್ರೇಕಿನ ಪೆಡಲನ್ನು ತುಳಿದರೆ ಅದನ್ನು ತುಳಿದಲ್ಲೇ ಹಿಡಿದಿಡುವ ಒಂದು ಹಲ್ಲಿನ ಪಟ್ಟಿ ಮೊದಲಿಗೆ ಇತ್ತಂತೆ. ಹಲ್ಲು ಸವೆದು ಬೊಚ್ಚಾಗಿದ್ದುದರಿಂದ ಚಿಕ್ಕಪ್ಪ ಅದನ್ನು ಕೀಳಿಸಿ, ಕರು ಕಟ್ಟುವ ಸರಪಳಿಗೆ ಕುಲುಮೆಯಲ್ಲಿ ಒಂದು ಕೊಂಡಿ ಮಾಡಿಸಿ ಹಾಕಿದ. ಪೆಡಲು ತುಳಿದು ಕೊಂಡಿ ಸಿಕ್ಕಿಸಿದರೆ ಟ್ರಾಕ್ಟರು ನಿಂತಿತು ಎಂದು ಲೆಕ್ಕ.

ನಾವು ತಲೆತಲಾಂತರದಿಂದ ಎತ್ತಿನ ಗಾಡಿಯ ಜನ. ಎತ್ತಿಗೆ ಬ್ರೇಕು ಬೇಡ. ನಿಲ್ಲುವುದೇ ಅದರ ಸ್ವಭಾವ, ಹೊರಡಿಸುವುದಕ್ಕೆ ಮಾತ್ರ ನಮ್ಮ ಶ್ರಮ. ನಿಂತದ್ದು ತಾನಾಗಿಯೇ ಹೊರಟುಬಿಡಬಹುದು ಎಂಬ ಭಯ ನಮಗೆ ಹುಟ್ಟಿನಿಂದ ಬಂದದ್ದಲ್ಲ.

ನಮ್ಮ ಕಡೆ ಗಂಡಿನ ಮನೆಯಲ್ಲೇ ಧಾರೆಯಾಗುವುದು ವಾಡಿಕೆ. ಆದರೆ ಕೊಕ್ಕರೆ ಬೆಳ್ಳೂರಿನ ನನ್ನ ಮಾವನವರಿಗೆ ಇದ್ದವಳು ಒಬ್ಬಳೇ ಮಗಳು. ತಮ್ಮ ಚಪ್ಪರದಲ್ಲೇ ಆಗಲಿ ಎಂದರು, ನಾವು ಒಪ್ಪಿದೆವು. ದಿಬ್ಬಣಕ್ಕೆ ಚಿಕ್ಕಪ್ಪ ಟ್ರಾಕ್ಟರಿನ ಹಿಂದೆ ಒಂದು ಕಮಾನು ಗಾಡಿ ಕಟ್ಟಿದ. ನೆಂಟರೆಲ್ಲ ಕಮಾನಿನೊಳಗೆ ತುಂಬಿಕೊಂಡರು. ಬಾಸಿಂಗ ಕಟ್ಟಿಕೊಂಡ ನನ್ನನ್ನು ಮರ್ಯಾದೆಯ ಜಾಗವೆಂದು ಟ್ರಾಕ್ಟರಿನ ಹಿಂದಿನ ಗಾಲಿಯ ಮಡ್‌ಗಾರ್ಡಿನ ಮೇಲೆ, ಕೈಗೊಂದು ತೆಂಗಿನಕಾಯಿ ಕೊಟ್ಟು ಕೂರಿಸಿದರು.

ಊರಿನ ಎಲ್ಲೆಕಲ್ಲು ದಾಟಿ ದಿಣ್ಣೆ ಹತ್ತುವಾಗ ಟ್ರಾಕ್ಟರಿನ ಮೂತಿಯಿಂದ ಹಬೆ ಎದ್ದಿತು. ಚಿಕ್ಕಪ್ಪ ಎಂಜಿನ್ ನಿಲ್ಲಿಸಿ, ಕೊಂಡಿ ಸಿಕ್ಕಿಸಿ, ಕೊಡ ಹಿಡಿದು ನಾಲೆಗೆ ಇಳಿದ. ಆಮೇಲೆ ನಾನು ಕಂಡದ್ದು ಇಷ್ಟು: ಕೊಂಡಿ ಪೆಡಲಿನ ಮೇಲೆ ಮೆಲ್ಲಗೆ ಸರಿಯಿತು. ಸ್ವಲ್ಪ ಯೋಚಿಸಿತು. ಕಳಚಿತು. ರಸ್ತೆ ಬದಿಯ ಹುಣಿಸೆಮರ ಮುಂದಕ್ಕೆ ನಡೆಯತೊಡಗಿತು. ಮರಗಳು ನಡೆಯುವುದಿಲ್ಲ ಎಂದು ನಾನು ಮನಸ್ಸಿನಲ್ಲಿ ಇತ್ಯರ್ಥ ಮಾಡಿಕೊಳ್ಳುವಷ್ಟರಲ್ಲಿ ಹಿಂದಿನ ಗಾಡಿ ಹೊಲದ ಬದುವಿಗೆ ಒರಗಿ ಎಲ್ಲವೂ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ತೆಂಗಿನಕಾಯಿ ನನ್ನ ಕೈಯಲ್ಲೇ ಇತ್ತು.

ಮೊದಲು ಇಳಿದವನು ನನ್ನ ಸೋದರಮಾವ. ಎತ್ತಿನ ಗಾಡಿಯಲ್ಲೇ ಹೋಗೋಣವೆಂದು ಮೊದಲಿನಿಂದ ಹೇಳುತ್ತಿದ್ದವನು.

"ದಿಬ್ಬಣ ಎಲ್ಲೆ ದಾಟಿ ವಾಪಸ್ ಬಂತು. ಇದ್ಕಿಂತ ಅಪಸಕುನ ಇನ್ನೇನೈತೆ? ಮನೀಗೆ ನಡೀರಿ. ಬ್ಯಾರೆ ಮೂರ್ತ ನೋಡುಸ್ಬೇಕು."

ಬೇರೆ ಮುಹೂರ್ತವೆಲ್ಲಿ? ನಾಳೆ ನಾಡಿದ್ದರಲ್ಲಿ ಆಷಾಢ ಹುಟ್ಟುತ್ತಿತ್ತು; ಆಮೇಲೆ ಮದುವೆಯ ಮಾತಿಲ್ಲ. ಅಡುಗೆ ಮಾಡಿಸಿ ಕಾದು ಕುಳಿತ ಹೆಣ್ಣಿನ ತಂದೆ ಈ ಅವಮಾನವನ್ನು ನುಂಗಿಕೊಳ್ಳುವವರಲ್ಲ. ಅದಕ್ಕಿಂತ ಹೆಚ್ಚಾಗಿ, ಹೆಣ್ಣನ್ನು ನಾನು ನೋಡಿದ್ದೆ. ಕಾಯುವ ಮನಸ್ಸಿರಲಿಲ್ಲ.

ಅಷ್ಟರಲ್ಲಿ ಚಿಕ್ಕಪ್ಪ ಓಡಿಬಂದು ಕೊಂಡಿ ಮುಟ್ಟಿದ. ಬೆರಳು ಕರ್ರಗಾಯಿತು. ಮೂಸಿ ನೋಡಿದ. "ಕೀಲೆಣ್ಣೆ! ಬಾವಾ, ನೀನೇ ಬುಟ್ಟಿದ್ದಾ? ಇದು ಇಡ್ಕಳ್ಳಿ ಅಂತ ಮಾಡ್ಸಿರೋ ಕೊಂಡಿ ಕಣಯ್ಯಾ, ಜಾರ್ಲಿ ಅಂತಲ್ಲ!"

"ಕಿರ್ ಅಂತಿತ್ತು, ಬುಟ್ಟೆ. ಗಾಲಿ ಇರೋದ್ಕೆಲ್ಲ ಕೀಲೆಣ್ಣೆ ಬುಡಬೇಕು. ನಮ್ಮಪ್ಪನ ಕಾಲ್ದಿಂದ ಬುಡ್ತಾ ಇವ್ನಿ, ಯಾವ ಗಾಡಿನೂ ಇಂದಕ್ಕೆ ಓಗಿಲ್ಲ."

"ಮದ್ವೆ ಕೆಡ್ಸಾಕೆ ಬುಟ್ಟೆ ಅನ್ನು!"

"ಲೇ, ನಾನು ಉಡ್ಗನ ಸೋದರಮಾವ ಕಣ್ಲಾ!"

ಜಗಳ ಬಗೆಹರಿಯದೆ ಇಬ್ಬರೂ ನನ್ನ ಕಡೆ ತಿರುಗಿದರು. ಕಮಾನಿನೊಳಗಿದ್ದವರಿಗೆ ಏನೂ ಕಂಡಿರಲಿಲ್ಲ, ಸಾಕ್ಷಿ ನಾನೊಬ್ಬನೇ. "ಏಳ್ಲಾ, ಕಲ್ಲು ದಾಟಿ ಇಂದಕ್ಕೆ ಬಂತಾ, ಇಲ್ವಾ?" ಎಂದು ಕೇಳಿದ ಚಿಕ್ಕಪ್ಪ, ಇಲ್ಲ ಎನ್ನು ಎಂದು ಕಣ್ಣು ಮಿಟುಕಿಸಿದ.

ನಾನು ಬಗ್ಗಿ ನೋಡಿದೆ. "ಮುಂದಿನ ಗಾಲಿಯೋ, ಹಿಂದಿನ ಗಾಲಿಯೋ?" ಎಂದೆ.

ಚಿಕ್ಕಪ್ಪ ಹಣೆ ಚಚ್ಚಿಕೊಂಡ. ನಾನು ಮುಂದುವರಿಸಿದೆ: "ಕಮಾನು ಗಾಡಿ ಪೂರ್ತಿ ಊರ ಕಡೆಗೆ ದಾಟಿದೆ. ಟ್ರಾಕ್ಟರಿನ ಮುಂದಿನ ಗಾಲಿ ದಾಟಿಲ್ಲ. ಹಿಂದಿನ ಗಾಲಿ ಕಲ್ಲಿನ ನೇರಕ್ಕಿದೆ. ನಾನು ಅದರ ಮೇಲಿದ್ದೇನೆ. ಕಾಲು ಎಲ್ಲೆಯಾಚೆ, ಬೆನ್ನು ಈಚೆ."

"ಕೇಳುಸ್ಕಂಡ್ರಾ?" ಎಂದ ಸೋದರಮಾವ. "ಗಂಡು ಅರ್ಧ ಆಚೆ ಅವ್ನೆ, ಅರ್ಧ ಈಚೆ ಅವ್ನೆ. ಯಾವ ಅರ್ಧಕ್ಕೆ ದಾರೆ ಎರ್ದಾರು?"

ಆಗ ಕಮಾನಿನೊಳಗಿಂದ ನನ್ನ ಅಜ್ಜಿಯ ಮುಖ ಹೊರಗೆ ಬಂತು. "ಅಲ್ಲ ಕಣಪ್ಪಾ, ಮಾದಪ್ಪನ ಗುಡೀಲಿ ಕೈ ಮುಗ್ದು ಈಚೆ ಬರೋವಾಗ ದೇವ್ರಿಗೆ ಬೆನ್ನು ತೋರುಸ್ತೀಯಾ? ಇಂದಿಂದಕ್ಕೆ ತಾನೆ ಬರೋದು? ಅದು ಕೆಟ್ಟದ್ದಾ?" ಆಮೇಲೆ ನನ್ನ ಕಡೆ ತಿರುಗಿ, "ಏನ್ಲಾ ಮಗಾ, ಮೊಕ ಎಣ್ಣಿನೂರ್ ಕಡೀಕೇ ಇತ್ತಾ?"

"ಟ್ರಾಕ್ಟರಿನ ಮುಖ ಇತ್ತು ಅಜ್ಜಿ. ನಾನು ಮಾತ್ರ, ಯಾರಾದರೂ ಗಾಲಿಗೆ ಸಿಕ್ಕಿದರೋ ಏನೋ ಎಂದು ಒಂದು ಸಲ ತಿರುಗಿ..."

"ಬಾಯ್ ಮುಚ್ಕೊಂಡ್ ಕೂತ್ಕಳ್ಲಾ! ನಿನ್ನ ಮೊಕ ಯಾವನ್ ಕೇಳ್ದ? ಟಾಕ್ಟ್ರು ಮೊಕ ತಿರುಗ್ಸಿಲ್ಲ, ದಿಬ್ಬಣ ತಿರುಗಿಲ್ಲ. ನಡೀರಿ!"

ಅಜ್ಜಿಯ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಚಿಕ್ಕಪ್ಪ ಕೊಂಡಿಗೆ ಮಣ್ಣು ಹಾಕಿ ಉಜ್ಜಿದ. ಸೋದರಮಾವ, ಯಾರೂ ಹೇಳದೆಯೇ ಒಂದು ದಪ್ಪ ಕಲ್ಲನ್ನು ಹೆಗಲಿಗೇರಿಸಿ, ನಿಂತಲ್ಲೆಲ್ಲ ಗಾಲಿಗೆ ಕೊಡುವುದಕ್ಕೆಂದು ಬೆಳ್ಳೂರಿನವರೆಗೂ ಹಿಂದೆ ನಡೆದುಕೊಂಡೇ ಬಂದ. ಧಾರೆಯಾಯಿತು. ಆದರೆ ನನ್ನ ಸಾಕ್ಷ್ಯ ಒಂದಕ್ಷರವೂ ಬಿಡದೆ ಚಪ್ಪರದ ತುಂಬ ಹರಡಿ ಹೆಣ್ಣಿನ ಕಿವಿಗೂ ಬಿದ್ದಿತ್ತು.

ಅಜ್ಜಿಯ ತೀರ್ಪನ್ನು ನನ್ನ ಹೆಂಡತಿ ಮನೆಯ ಕಾನೂನು ಮಾಡಿದ್ದಾಳೆ. ಮಂಡ್ಯಕ್ಕೆ ಹೊರಟವನು ಛತ್ರಿ ಮರೆತೆನೆಂದು ವಾಪಸು ಬಂದರೆ, ಮುಖ ರಸ್ತೆಯ ಕಡೆಗಿಟ್ಟುಕೊಂಡು ಹಿಂದಿಂದಕ್ಕೇ ಬರಬೇಕು. ಎದುರು ಮನೆಯವರು ಜಗಲಿಯ ಮೇಲೆ ಬಂದು ಕೂರುತ್ತಾರೆ. ನಿನ್ನೆಯೂ ಹಾಗೆಯೇ ಬಂದೆ. ಹಿಂದಕ್ಕೆ ನಡೆಯುವ ಮನುಷ್ಯ ಹೊಸ್ತಿಲು ಎಲ್ಲಿದೆಯೆಂದು ಸ್ವಲ್ಪ ನೋಡಿಕೊಳ್ಳುವುದು ಸಹಜ. ಮೆಲ್ಲಗೆ ಕತ್ತು ಹೊರಳಿಸಿದೆ.

"ತಿರುಗ್ಬ್ಯಾಡಿ!" ಎಂದಳು ಬಾಗಿಲಲ್ಲಿ ನಿಂತಿದ್ದವಳು. "ಟಾಕ್ಟ್ರು ನೆಟ್ಟಗೆ ನಮ್ಮೂರನ್ನೇ ನೋಡ್ತಾ ಇದ್ದಾಗ ನೀವು ಒಂದ್ಸಲ ತಿರುಗಿದ್ದು ಸಾಕು."