ಉಣ್ಣೆ ಜ್ವರದ ರಕ್ತಸಂಬಂಧಗಳು

ವಿರಾಜಪೇಟೆ ಕಡೆ ಪಶುವೈದ್ಯನಾಗಿ ನನ್ನ ತಲೆ ಅರ್ಧ ನೆರೆತಿದೆ. ಎಸ್ಟೇಟ್ ನಾಯಿಗಳಿಗೆ ಉಣ್ಣೆ ಕಚ್ಚಿ ಜ್ವರ ಬರುವುದು, ನಾನು ರಕ್ತ ತೆಗೆದು ಪರೀಕ್ಷೆ ಮಾಡುವುದು ನಿತ್ಯದ ಕೆಲಸ. ನಾಯಿಗಳು ತೆಪ್ಪಗೆ ಕಾಲು ಕೊಡುತ್ತವೆ. ಫಜೀತಿಯೆಲ್ಲ ಯಜಮಾನರದ್ದು.

ದೊಡ್ಡ ಮನೆ ನಾಯಿ

ಬಿಟ್ಟಂಗಾಲದ ಪ್ಲಾಂಟರ್ ಒಬ್ಬರು ಫಾರಿನ್ ತಳಿಯ ನಾಯಿಯನ್ನು ಎತ್ತಿಕೊಂಡು ಬಂದರು. ಊಟ ಬಿಟ್ಟಿತ್ತು, ಉಚ್ಚೆ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು.

"ಉಣ್ಣೆ ಜ್ವರ ಇರಬಹುದು, ರಕ್ತ ನೋಡೋಣ" ಎಂದೆ.

ಅವರ ಮುಖ ಕೆಂಪಾಯಿತು. "ಏನ್ ಡಾಕ್ಟ್ರೇ, ಅದು ಕೂಲಿಯವರ ಲೈನ್ ಮನೆ ನಾಯಿಗಳಿಗೆ ಬರೋ ಕಾಯಿಲೆ. ಇವನು ಮಲಗೋದು ನಮ್ಮ ಸೋಫಾ ಮೇಲೆ!"

ನಾಯಿಯ ಕಿವಿ ಮಡಚಿ, ಹುಣಸೆ ಬೀಜದಷ್ಟು ಉಬ್ಬಿದ ಉಣ್ಣೆ ಕಿತ್ತು ಅಂಗೈ ಮೇಲಿಟ್ಟೆ. ಕನ್ನಡಕ ಏರಿಸಿ ನೋಡಿದರು.

"ನಾನು ಹೇಳಲಿಲ್ವಾ? ಇದು ಲೈನಿಂದಾನೇ ಬಂದಿರೋದು. ಮುಖ ನೋಡಿದ್ರೇ ಗೊತ್ತಾಗುತ್ತೆ."

ಸುಬೇದಾರರ ಶತ್ರು

ನಾಪೋಕ್ಲು ಕಡೆಯ ನಿವೃತ್ತ ಸುಬೇದಾರರೊಬ್ಬರು ತಮ್ಮ ನಾಯಿಗೆ ಜ್ವರ ತಂದ ಶತ್ರುವನ್ನು ಕಣ್ಣಾರೆ ನೋಡಬೇಕೆಂದು ಹಟ ಹಿಡಿದರು. ರಕ್ತ ಸವರಿದ ಗಾಜಿನ ಪಟ್ಟಿಯನ್ನು ಮೈಕ್ರೋಸ್ಕೋಪಿಗಿಟ್ಟೆ. ಕೋವಿಯಿಂದ ಗುರಿ ಹಿಡಿದವರಂತೆ ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ನೋಡಿದರು. ರಕ್ತಕಣದೊಳಗೆ ಪರೋಪಜೀವಿಗಳು ಜೋಡಿ ಜೋಡಿಯಾಗಿ ಕೂತಿದ್ದವು.

"ಸಾಧ್ಯವೇ ಇಲ್ಲ" ಎಂದರು. "ಬೆಳಗ್ಗಿಂದ ಸಂಜೆ ತನಕ ಗೇಟಲ್ಲಿ ನಾನೇ ಕೂತಿರ್ತೀನಿ!"

ಪಾಲು

ನೆಲ್ಯಹುದಿಕೇರಿ ಹತ್ತಿರದ ಅಣ್ಣ ತಮ್ಮಂದಿರು ತೋಟದ ಬೇಲಿ ವಿಷಯಕ್ಕೆ ಕೋರ್ಟಿಗೆ ಹೋಗಿ ಮಾತು ಬಿಟ್ಟವರು. ಅಣ್ಣನ ನಾಯಿಗೆ ಉಣ್ಣೆ ಜ್ವರ. ನಾನು ಹೋಗುವಷ್ಟರಲ್ಲಿ ರಕ್ತವೆಲ್ಲ ಇಳಿದು ಒಸಡು ಸುಣ್ಣದಂತೆ ಬಿಳಿಚಿತ್ತು. ಇನ್ನೊಂದು ನಾಯಿಯ ರಕ್ತ ಕೊಡದಿದ್ದರೆ ಉಳಿಯುವುದು ಕಷ್ಟ. ಹತ್ತಿರದಲ್ಲಿ ಗಟ್ಟಿಮುಟ್ಟಾದ ನಾಯಿ ಇದ್ದದ್ದು ತಮ್ಮನ ಮನೆಯಲ್ಲಿ ಮಾತ್ರ.

"ಅವನ ಮನೆ ನೀರೂ ಬೇಡ" ಎಂದರು ಅಣ್ಣ.

ನಾಯಿ ಕಷ್ಟಪಟ್ಟು ತಲೆಯೆತ್ತಿ ಅವರ ಕೈ ನೆಕ್ಕಿತು. ಅವರು ಎದ್ದು ಹೋಗಿ, ಬೇಲಿ ಹತ್ತಿರ ನಿಂತು ತಮ್ಮನ ಹೆಸರು ಹಿಡಿದು ಕೂಗಿದರು. ಕೂಗು ಕೇಳಿದ್ದೇ ತಮ್ಮ ತನ್ನ ನಾಯಿಯನ್ನು ಹೊತ್ತುಕೊಂಡೇ ಬಂದರು.

ಎರಡೂ ನಾಯಿಗಳ ರಕ್ತ ಬೆರೆಸಿ ಪರೀಕ್ಷಿಸಿದೆ, ಹೊಂದಿತು; ತಮ್ಮನ ನಾಯಿಯ ರಕ್ತ ಏರಿಸಿದೆ. ಸಂಜೆಗೆ ಅಣ್ಣನ ನಾಯಿ ಗಂಜಿ ಕುಡಿಯಿತು. ಅಣ್ಣ ತಮ್ಮ ಒಂದೇ ಜಗಲಿಯಲ್ಲಿ ಕೂತು ಕಾಫಿ ಕುಡಿದರು. ನನ್ನ ಕಣ್ಣೂ ಒದ್ದೆಯಾಯಿತು. ಕೋರ್ಟಿನಿಂದ ಆಗದ್ದು ನಾಯಿಯಿಂದ ಆಯಿತಲ್ಲ ಎಂದುಕೊಂಡು ಹೊರಟೆ.

ಕೆಲವು ದಿನ ಕಳೆದು ತಮ್ಮನ ಫೋನು ಬಂತು.

"ಡಾಕ್ಟ್ರೇ, ಒಂದು ಸರ್ಟಿಫಿಕೇಟ್ ಬೇಕಿತ್ತು."

"ಏನಂತ?"

"ಅಣ್ಣನ ನಾಯಿ ಮೈಯಲ್ಲಿ ಓಡ್ತಿರೋದು ನಮ್ಮ ನಾಯಿ ರಕ್ತ ಅಂತ. ವಕೀಲ್ರು ಹೇಳಿದ್ರು, ಆ ನಾಯಿಯಲ್ಲಿ ನಂಗೂ ಪಾಲು ಬರುತ್ತಂತೆ!"