ಧಾರೆ ಸೀರೆಗೆ ಸಿಕ್ಕಿಕೊಂಡ ಮೀನು

ಇಡೀ ಚಾಮರಾಜಪೇಟೆಯಲ್ಲಿ ಯಾರ ಮನೆಯಲ್ಲೂ ಇಲ್ಲದ ಮೀನನ್ನು ನನ್ನ ಮನೆಯಲ್ಲಿ ಸಾಕಿಯೇ ತೀರುತ್ತೇನೆಂದು ನಾನು ಶಪಥ ಮಾಡಿದ್ದಕ್ಕೆ ಕಾರಣ ನಮ್ಮ ಕಚೇರಿಯ ಪ್ರಸನ್ನ. ನನಗಿಂತ ಹದಿನೈದು ವರ್ಷ ಚಿಕ್ಕವನು. ಹೊಸದಾಗಿ ಮದುವೆಯಾಗಿ, ಹೊಸದಾಗಿ ಎರಡು ಗೋಲ್ಡ್ ಫಿಶ್ ತಂದಿದ್ದ. ದಿನಾ ಊಟದ ಹೊತ್ತಿಗೆ ಅವುಗಳದೇ ಪುರಾಣ!

ಗೋಲ್ಡ್ ಫಿಶ್! ಅದೂ ಒಂದು ಮೀನೇ? ನೀರಿಗೆ ಬಿದ್ದ ಕಿತ್ತಳೆಹಣ್ಣಿಗೆ ಬಾಲ ಅಂಟಿಸಿದರೆ ಅಷ್ಟೇ ಆಯಿತು. ಡೆಂಟಿಸ್ಟ್ ಕ್ಲಿನಿಕ್ಕಿನಲ್ಲಿ ಹಲ್ಲು ನೋವಿನವರು ನೋಡಲಿ ಎಂದು ದೇವರು ಸೃಷ್ಟಿಸಿದ ಪ್ರಾಣಿ ಅದು!

ಎರಡು ತಿಂಗಳು ಇಂಟರ್ನೆಟ್ ಜಾಲಾಡಿ, ಕಲಾಸಿಪಾಳ್ಯದ ಹಿಂದಿನ ಓಣಿಯಲ್ಲಿ ಮೀನಿನ ಅಂಗಡಿ ಇಟ್ಟಿರುವ ಮನೋಹರ್‌ನನ್ನು ಕಾಡಿ ಬೇಡಿ, ಕೊನೆಗೂ ತಂದೆ: ಝೀಬ್ರಾ ಪ್ಲೆಕೋ! ಕಿರುಬೆರಳುದ್ದದ ಮೈಮೇಲೆ ಕಪ್ಪು ಬಿಳಿ ಪಟ್ಟೆ, ಹೊಟ್ಟೆಯ ಕಡೆ ಬಾಯಿ. ಆ ಬಾಯಿಯಿಂದ ಗಾಜಿಗೆ, ಕಲ್ಲಿಗೆ ಕಚ್ಚಿಕೊಂಡು ಕೂರುವ ಅಪರೂಪದ ಜಾತಿ. ಅದಕ್ಕೊಂದು ಗಾಜಿನ ತೊಟ್ಟಿ, ನೀರು ಬೆಚ್ಚಗಿಡಲು ಹೀಟರು, ಅಡಗಲು ಮಣ್ಣಿನ ಕೊಳವೆ, ಮೇಲೊಂದು ಪ್ರಖರವಾದ ಲೈಟು.

ಮೀನು ಕೊಳವೆಯೊಳಗೆ ಹೋಯಿತು. ಹೋದದ್ದು ಹೋಯಿತು! ಒಂದು ವಾರ, ಎರಡು ವಾರ, ತಿಂಗಳು. ಹಾಕಿದ ಆಹಾರ ಖಾಲಿಯಾಗುತ್ತಿತ್ತು, ತಿಂದವರು ಕಾಣುತ್ತಿರಲಿಲ್ಲ.

"ರೀ, ನೀವು ಮೀನು ತಂದಿದ್ದೋ, ನೀರು ತಂದಿದ್ದೋ?" ಎಂದಳು ಹೆಂಡತಿ ಬಿಂದುಶ್ರೀ. ಅವಳು ಹೈಸ್ಕೂಲು ಟೀಚರು, ಆಗ ಸ್ಕೂಲಿಗೆ ರಜೆಯಿದ್ದು ಮನೆಯಲ್ಲೇ ಇದ್ದಳು.

"ಅಪರೂಪದ ಮೀನು ಬಿಂದು! ಅಪರೂಪ ಅಂದ್ರೇನೇ ಸುಲಭವಾಗಿ ಕಾಣಲ್ಲ ಅಂತ."

"ಹಾಗಾದ್ರೆ ನಿಮ್ಮ ಬುದ್ಧಿನೂ ಅಪರೂಪದ್ದೇ ಬಿಡಿ."

ಅಜ್ಞಾನಿಗಳ ಮಾತಿಗೆ ನಾನು ಬೆಲೆ ಕೊಡುವವನಲ್ಲ. ಕಚೇರಿಯಲ್ಲಿ ನನ್ನ ಮೀನಿನ ಕೀರ್ತಿ ಹಬ್ಬಿಸಿದ್ದೆ. ಪ್ರಸನ್ನ ಬಾಯಿ ಬಿಟ್ಟುಕೊಂಡು ಕೇಳಿ, "ಚಲುವರಾಜು ಸಾರ್, ಭಾನುವಾರ ನೋಡೋಕೆ ಬರ್ಲಾ?" ಎಂದ. "ಬನ್ನಿ, ಬನ್ನಿ! ಮೀನು ಅಂದ್ರೆ ಏನು ಅಂತ ನಿಮಗೂ ಗೊತ್ತಾಗಲಿ" ಎಂದೆ.

ಭಾನುವಾರ ಸಂಜೆ ಹೆಂಡತಿ ಲಾಸ್ಯಾಳನ್ನು ಕರೆದುಕೊಂಡು ಬಂದ. ಇಬ್ಬರೂ ಇಲ್ಲಿಂದ ನೇರ ಮಲ್ಲೇಶ್ವರದ ಆರತಕ್ಷತೆಯೊಂದಕ್ಕೆ ಹೊರಟವರು. ಲಾಸ್ಯಾ ತನ್ನ ಧಾರೆ ಸೀರೆ ಉಟ್ಟಿದ್ದಳು: ಕುಂಕುಮ ಬಣ್ಣದ ರೇಷ್ಮೆ, ಗೇಣಗಲದ ಜರಿ.

ಸೋಫಾದಲ್ಲಿ ಸಾಲಾಗಿ ಕೂತು ನಾವು ನಲವತ್ತು ನಿಮಿಷ ತೊಟ್ಟಿ ನೋಡಿದೆವು. ಬಿಂದುಶ್ರೀ ಎರಡು ಸಲ ಕಾಫಿ ಕೊಟ್ಟಳು. ಕೊನೆಗೆ ಪ್ರಸನ್ನ ಗಂಟಲು ಸರಿಮಾಡಿಕೊಂಡು, "ನೀರು ತುಂಬಾ ಚೆನ್ನಾಗಿದೆ ಸಾರ್" ಎಂದ.

ನೀರು ಚೆನ್ನಾಗಿದೆ! ಗೋಲ್ಡ್ ಫಿಶ್ ಸಾಕುವವನಿಂದ ನನಗೆ ಇಂಥ ಮಾತು! ರಕ್ತ ಕುದಿಯಿತು. ಅಂಗಿಯ ತೋಳು ಮಡಚಿ, ತೊಟ್ಟಿಗೆ ಕೈ ಹಾಕಿ, ಕೊಳವೆಯನ್ನೇ ಎತ್ತಿ ಸೋಫಾದ ಬಳಿ ತಂದೆ.

"ನೋಡಿ! ಒಳಗೆ ನೋಡಿ!"

ಲಾಸ್ಯಾ ಬಗ್ಗಿ ಇಣುಕಿದಳು. "ಏನೂ ಕಾಣ್ತಿಲ್ವಲ್ಲಾ ಸಾರ್..."

"ಕಾಣತ್ತೆ, ಕಾಣತ್ತೆ!" ಎಂದು ಕೊಳವೆಯ ಹಿಂಭಾಗಕ್ಕೆ ಒಂದು ಏಟು ಕೊಟ್ಟೆ.

ಕಾಣಿಸಿತು! ಒಂದು ಲೋಟ ನೀರಿನ ಸಮೇತ ಹಾರಿ ಬಂದು ಲಾಸ್ಯಾಳ ಸೆರಗಿನ ಮೇಲೆ ಬಿತ್ತು.

"ಅಯ್ಯೋ ಹಲ್ಲಿ! ಹಲ್ಲಿ!"

"ಹಲ್ಲಿ ಅಲ್ಲ ಕಣಮ್ಮ, ಝೀಬ್ರಾ ಪ್ಲೆಕೋ!"

ಅವಳು ಸೆರಗು ಕೊಡವಿದಳು. ಮೀನು ಅಲ್ಲಾಡಲಿಲ್ಲ. ಪ್ರಸನ್ನ ಬಾಲ ಹಿಡಿದು ಎಳೆದ. ಜರಿಯೆಲ್ಲ ಎದ್ದು ಬಂತೇ ಹೊರತು ಮೀನು ಬರಲಿಲ್ಲ. ಮೀನಂಗಡಿ ಮನೋಹರ್‌ಗೆ ಫೋನು ಮಾಡಿ ಸ್ಪೀಕರ್ ಹಾಕಿದೆ.

"ಎಳೀಬೇಡಿ ಸಾರ್! ರೆಕ್ಕೇಲಿ ಮುಳ್ಳಿರತ್ತೆ. ಹೆದರಿದ್ರೆ ಇನ್ನೂ ಅಗಲಿಸತ್ತೆ. ಬಟ್ಟೆ ಸಮೇತ ನೀರಿಗೆ ಬಿಡಿ, ಸಮಾಧಾನ ಆದ್ರೆ ಅದೇ ಬಿಡಿಸ್ಕೊಳತ್ತೆ. ಇಲ್ಲಾಂದ್ರೆ ಬಟ್ಟೆ ಕತ್ತರಿಸಿ."

ನನ್ನ ಕಣ್ಣು ಮೇಜಿನ ಮೇಲಿದ್ದ ಕತ್ತರಿಯ ಕಡೆ ಹೋಯಿತು. ಹೋದದ್ದನ್ನು ಬಿಂದುಶ್ರೀ ನೋಡಿದಳು.

"ಕತ್ತರಿ ಮುಟ್ಟಿ ನೋಡಣ! ಮುಟ್ಟಿದ್ರೆ ಇವತ್ತು ಮೀನೂ ಇರಲ್ಲ, ನೀವೂ ಇರಲ್ಲ!"

ಧಾರೆ ಸೀರೆಯ ಸೆರಗು ನನ್ನ ತೊಟ್ಟಿಗೆ ಇಳಿಯಿತು. ಸೀರೆಯ ಇನ್ನೊಂದು ತುದಿಯಲ್ಲಿ ಲಾಸ್ಯಾ ಇದ್ದಳು. ಗಾಜಿಗೆ ಹೆಗಲು ಒತ್ತಿಕೊಂಡು, ಕಣ್ಣು ತುಂಬಿಕೊಂಡು ನಿಂತಿದ್ದಳು. ಆಗಲೇ ಏಳು ಗಂಟೆ.

"ನನ್ನ ಧಾರೆ ಸೀರೆ ಬಿಂದು ಅಕ್ಕ..." ಎಂದು ಬಿಕ್ಕಿದಳು. ಆ ಒಂದು ಮಾತಿಗೆ ನನ್ನ ಜಂಬ ಅರ್ಧ ಇಳಿಯಿತು. ಬಿಂದುಶ್ರೀ ಒಳಗೆ ಹೋಗಿ, ಬೀರುವಿನಲ್ಲಿ ಮಡಿಸಿಟ್ಟಿದ್ದ ತನ್ನ ಹೊಸ ಹಸಿರು ರೇಷ್ಮೆ ಸೀರೆ ತಂದಳು. ನಮ್ಮಿಬ್ಬರನ್ನೂ ಬಾಲ್ಕನಿಗೆ ಅಟ್ಟಿ ಬಾಗಿಲು ಹಾಕಿದಳು. ಹತ್ತು ನಿಮಿಷ ನಾನೂ ಪ್ರಸನ್ನನೂ ರಸ್ತೆ ನೋಡುತ್ತಾ ನಿಂತೆವು. "ಸಾರಿ ಪ್ರಸನ್ನ" ಎಂದೆ. "ಪರವಾಗಿಲ್ಲ ಸಾರ್" ಎಂದ, ಪರವಾಗಿದೆ ಎನ್ನುವ ದನಿಯಲ್ಲಿ.

ಹಸಿರು ಸೀರೆಯಲ್ಲಿ ಲಾಸ್ಯಾ ಆರತಕ್ಷತೆಗೆ ಹೋದಳು. ಕೆಂಪು ಸೀರೆ ಕುರ್ಚಿಯ ಮೇಲಿಂದ ತೊಟ್ಟಿಯೊಳಕ್ಕೆ ಇಳಿಬಿದ್ದಿತ್ತು. ನನ್ನ ಅಕ್ವೇರಿಯಮ್ಮಿನಲ್ಲಿ ನೋಡುವಂಥದ್ದು ಏನಾದರೂ ಕಂಡಿದ್ದು ಅದೇ ಮೊದಲು! ಮೀನು ಒಂಬತ್ತು ಗಂಟೆಗೆ ಜರಿ ಬಿಟ್ಟು ಕೊಳವೆಗೆ ಹಿಂತಿರುಗಿತು. ಅಷ್ಟರಲ್ಲಿ ಸೀರೆ ಬಣ್ಣ ಬಿಟ್ಟು, ನೀರು ಬೀಟ್‌ರೂಟ್ ಸಾರಾಗಿತ್ತು. ಮೂರು ದಿನ ಬಕೆಟ್ಟು ಹೊತ್ತು ನೀರು ಬದಲಾಯಿಸಿದೆ.

"ಇನ್ನೊಂಚೂರು ಬೇಗ ಬೇಗ" ಎಂದು ಬಿಂದುಶ್ರೀ ಸೋಫಾದಲ್ಲಿ ಕೂತು ಮೇಲ್ವಿಚಾರಣೆ ಮಾಡಿದಳು. ಸೆರಗಿನ ಜರಿಯನ್ನು ಬಳೇಪೇಟೆಯಲ್ಲಿ ಸರಿಮಾಡಿಸಿದ್ದೂ ಅವಳೇ.

ಗುರುವಾರ ಊಟದ ಹೊತ್ತಿಗೆ ಪ್ರಸನ್ನ ಮೊಬೈಲ್ ಹಿಡಿದು ಬಂದ. ಹಿಂದಿನ ದಿನ ಮಧ್ಯಾಹ್ನ, ನಾನು ಕಚೇರಿಯಲ್ಲಿದ್ದಾಗ, ಲಾಸ್ಯಾ ಹಸಿರು ಸೀರೆ ವಾಪಸು ಕೊಡಲು ನಮ್ಮ ಮನೆಗೆ ಹೋಗಿದ್ದಳಂತೆ. "ವಿಡಿಯೋ ಮಾಡ್ಕೊಂಡು ಬಂದಿದಾಳೆ ಸಾರ್, ನೋಡಿ."

ನೋಡಿದೆ. ನನ್ನ ತೊಟ್ಟಿ. ಲೈಟು ಆರಿಸಿತ್ತು. ಕಪ್ಪು ಬಿಳಿ ಪಟ್ಟೆಯ ನನ್ನ ಮೀನು, ನಾನು ಒಮ್ಮೆಯೂ ಈಜುವುದನ್ನು ನೋಡಿರದ ನನ್ನ ಮೀನು, ಎದುರಿನ ಗಾಜಿಗೆ ಬಾಯಿ ಅಂಟಿಸಿಕೊಂಡು, ರೆಕ್ಕೆ ಹರಡಿ ಮಹಾರಾಜನಂತೆ ಮೆರೆಯುತ್ತಿತ್ತು! ಹಿನ್ನೆಲೆಯಲ್ಲಿ ಬಿಂದುಶ್ರೀಯ ದನಿ:

"ನಮ್ಮೆಜಮಾನ್ರು ಆಫೀಸಿಗೆ ಹೋಗಿದ್ದೇ ತಡ, ಲೈಟ್ ಆರಿಸಿದ್ರೆ ಹಿಂಗೇ ಬಂದ್ಬಿಡತ್ತೆ ಲಾಸ್ಯಾ. ಮೂರು ದಿನದಿಂದ ನೋಡ್ತಿದೀನಿ. ಅವರು ಮನೇಲಿದ್ರೆ ಎದ್ದಾಗ್ಲೂ ಟಾರ್ಚು, ಕೂತಾಗ್ಲೂ ಟಾರ್ಚು. ಯಾವ ಮೀನು ಬರತ್ತೆ ಹೇಳು? ನಾನಾಗಿದ್ರೂ ಬರ್ತಿರ್ಲಿಲ್ಲ."

ಸುತ್ತ ನಿಂತ ಸಹೋದ್ಯೋಗಿಗಳೆಲ್ಲ ಊಟದ ಡಬ್ಬಿಯೊಳಗೆ ಮುಖ ಹುದುಗಿಸಿ ನಗುತ್ತಿದ್ದರು. ಪ್ರಸನ್ನ ಮಾತ್ರ ನಗಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು, ಬಹಳ ಮರ್ಯಾದೆಯಿಂದ ಹೇಳಿದ:

"ಸಾರ್, ಭಾನುವಾರ ನಮ್ಮನೆಗೆ ಬನ್ನಿ. ಗೋಲ್ಡ್ ಫಿಶ್ ಪಾಪ, ಯಾರು ಬಂದ್ರೂ ಎದುರಿಗೆ ಬರ್ತವೆ."

"ಎಷ್ಟು ಗಂಟೆಗೆ ಬರ್ಲಿ?" ಎಂದೆ.