ಚಿಲಕ ನೋಡುವ ಗಂಡಸು

ಹೆಂಡತಿ ಮಾತು ನಿಲ್ಲಿಸಿದರೆ ಮನೆಯಲ್ಲಿ ಶಾಂತಿ ನೆಲೆಸುತ್ತದೆ ಎಂದು ನಂಬಿದವರಲ್ಲಿ ನಾನೂ ಒಬ್ಬ. ಆ ನಂಬಿಕೆ ಎರಡು ದಿನ ಬಾಳುತ್ತದೆ. ಮೂರನೆಯ ದಿನದಿಂದ ಫ್ಯಾನಿನ ಸದ್ದೂ ನನ್ನನ್ನೇ ಬೈಯುವಂತೆ ಕೇಳತೊಡಗುತ್ತದೆ. ನನ್ನ ತಪ್ಪು ಇಷ್ಟೇ: ಹೆಂಡತಿ ಸರೋಜಾಳ ಅಣ್ಣ ಕಲಬುರಗಿಯಿಂದ ಬಂದಿದ್ದಾಗ ಅವನೆದುರು, “ರೊಟ್ಟಿ ಸ್ವಲ್ಪ ಗಟ್ಟಿ ಅದಾವು” ಎಂದಿದ್ದೆ. ಅಂದಿನಿಂದ ಅವಳು ಊಟ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಕ್ಷಮೆ ಕೇಳಬಹುದಿತ್ತು. ಆದರೆ ನಾನು ಕಚೇರಿಯಲ್ಲಿ ಹದಿನೆಂಟು ಜನರ ಮೇಲಿನ ಸೂಪರ್‌ವೈಸರ್, ಅಭ್ಯಾಸವಿರಲಿಲ್ಲ.

ಹಾಗಾಗಿ ಬೆಳಿಗ್ಗೆ ಎದ್ದವನೇ, ಸಹೋದ್ಯೋಗಿಯೊಬ್ಬರಿಂದ ತಂದ ದುರ್ಬೀನು ಹಿಡಿದು, ತೆಲುಗು ನಾಡಿನ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಕಾಡಿಗೆ ಹೋಗತೊಡಗಿದೆ. ಅಲ್ಲೊಂದು ಬೇವಿನ ಪೊಟರೆಯ ಮುಂದೆ ಗಿಳಿಗಳ ಪ್ರಣಯ ನಡೆದಿತ್ತು. ಹೆಣ್ಣು ಕತ್ತು ಹೊರಳಿಸಿ ಎತ್ತಲೋ ನೋಡುತ್ತ ಕೂರುವುದು. ಗಂಡು ಕೊಂಬೆಯ ಮೇಲೆ ಒಂದೊಂದೇ ಹೆಜ್ಜೆ ಸರಿದು ಬಂದು, ತಲೆ ಬಾಗಿಸಿ, ಒಂದು ಕಾಲೆತ್ತಿ ನಿಲ್ಲುವುದು. ಹೆಣ್ಣು ಕುಕ್ಕುವುದು. ಗಂಡು ಹಿಂದೆ ಸರಿದು ಮತ್ತೆ ಮೊದಲಿನಿಂದ ಶುರು ಮಾಡುವುದು. ಕೊನೆಗೆ ಕೊಕ್ಕಿಗೆ ತುತ್ತು ಕೊಟ್ಟ ಮೇಲೆಯೇ ಅದಕ್ಕೆ ಪಕ್ಕದಲ್ಲಿ ಜಾಗ. ‘ಮಾನಮರ್ಯಾದೆ ಇಲ್ಲದ ಹಕ್ಕಿ’ ಎಂದು ಡೈರಿಯಲ್ಲಿ ಬರೆದುಕೊಂಡೆ.

ವಾಚ್‌ಮನ್ ಯಾದಯ್ಯ ಇದರ ವರದಿಯನ್ನು ಸರೋಜಾಳಿಗೆ ಒಪ್ಪಿಸಿದ: “ಸಾರು ರೋಜೂ ಚಿಲುಕನಿ ಚೂಸ್ತುನ್ನಾರಮ್ಮಾ.” ಸಾಹೇಬರು ದಿನಾ ಗಿಳಿ ನೋಡುತ್ತಿದ್ದಾರೆ ಎಂದು; ತೆಲುಗಿನಲ್ಲಿ ಚಿಲುಕ ಎಂದರೆ ಗಿಳಿ. ಸರೋಜಾಳ ತೆಲುಗು ತರಕಾರಿ ಗಾಡಿಯಿಂದಾಚೆ ಹೋದದ್ದಲ್ಲ. ಅವಳಿಗೆ ಕೇಳಿಸಿದ್ದು ಬಾಗಿಲ ಚಿಲಕ. ಐದನೆಯ ದಿನ ಬಾಯಿಬಿಟ್ಟಳು.

“ದುರ್ಬೀನ್ ಹಿಡಕೊಂಡು ದಿನಾ ಯಾರ ಮನಿ ಚಿಲಕ ನೋಡಾಕತ್ತೀರಿ?”

ಮಾತು ಬಂತಲ್ಲ ಎಂಬ ಖುಷಿಗೆ ನಕ್ಕುಬಿಟ್ಟೆ. ಅದು ಎರಡನೆಯ ತಪ್ಪು. ಕಾಡಿಗೆ ಕರೆದೊಯ್ದು ತೋರಿಸದೆ ಗತಿಯಿರಲಿಲ್ಲ. ಅವಳು ದುರ್ಬೀನು ಕಣ್ಣಿಗಿಟ್ಟು ಬಹಳ ಹೊತ್ತು ನೋಡಿದಳು.

“ಗಿಣಿಗೂ ಎಷ್ಟು ತಿಳೀತೈತಿ ನೋಡ್ರಿ,” ಎಂದವಳೇ ಒಬ್ಬಳೇ ಮನೆಗೆ ನಡೆದಳು.

ನನಗೆ ನಿಜಕ್ಕೂ ಹೆದರಿಕೆಯಾಯಿತು. ಬಿಸಿ ಜಿಲೇಬಿ ಕಟ್ಟಿಸಿಕೊಂಡು ಬಂದರೆ ಬಾಗಿಲಿಗೆ ಒಳಗಿನಿಂದ ಚಿಲಕ. ಬೆಲ್ ಒತ್ತಿದೆ. ಅಷ್ಟರಲ್ಲಿ ಬೂಟಾದರೂ ಬಿಚ್ಚೋಣವೆಂದರೆ ಒಂದು ಕೈಯಲ್ಲಿ ದುರ್ಬೀನು. ಜಿಲೇಬಿ ಪೊಟ್ಟಣವನ್ನು ಹಲ್ಲಲ್ಲಿ ಕಚ್ಚಿ, ತಲೆ ಬಾಗಿಸಿ, ಒಂದು ಕಾಲೆತ್ತಿ ನಿಂತೆ. “ತಪ್ಪಾತು ಸರೋಜಾ” ಎಂದದ್ದು ಪೊಟ್ಟಣದೊಳಗಿಂದ ಕೀಚಲಾಗಿ ಹೊರಬಂತು.

ಚಿಲಕ ಸರಿಯಿತು. ಸರೋಜಾ ನನ್ನ ಬಾಯಿಂದ ಪೊಟ್ಟಣ ತೆಗೆದುಕೊಂಡು, ಒಂದು ತುಂಡು ಮುರಿದು ತಿಂದಳು.

“ಸ್ವಲ್ಪ ಗಟ್ಟಿ ಅದಾವು,” ಎಂದಳು.

ಹದಿನೆಂಟು ಜನರ ಸೂಪರ್‌ವೈಸರ್ ಆದ ನಾನು ಎತ್ತಿದ ಕಾಲು ಇಳಿಸದೆಯೇ, “ಹೌದ್ರಿ” ಎಂದೆ.